ಮೊದಲು ಏಳಬೇಕಾದವರು

ಸಭೆಯಲ್ಲಿರುವ ಹಿರಿಯರಿಗೆ, ಕಾರ್ಲ್ಸ್‌ರುಹೆಯ ನಮ್ಮ ಕನ್ನಡ ಸಂಘದ ಎಲ್ಲರಿಗೆ, ಸ್ಟುಟ್‌ಗಾರ್ಟಿನಿಂದ ರೈಲು ಹಿಡಿದು ಬಂದವರಿಗೆ, ನಮ್ಮ ನಾಟಕ ತಂಡದವರಿಗೆ — ನಮಸ್ಕಾರ.

ಮುಂದಿನ ಸಾಲಿನಲ್ಲಿ ಯೆಫಿಮ್ ಸರ್ ಅವರ ಮಗಳು ವೆರಾ ಕೂತಿದ್ದಾರೆ. ವೆರಾ ಅವರೇ, ನಿಮಗೆ ನಮಸ್ಕಾರ. ನಿಮಗೆ ಕನ್ನಡ ಬರುವುದಿಲ್ಲ, ಆದರೂ ಇಷ್ಟು ಹೊತ್ತು ಶಾಂತವಾಗಿ ಕೂತು ಕೇಳುತ್ತಿದ್ದೀರಿ. ನಿಮ್ಮ ತಂದೆಯವರೂ ಹೀಗೆಯೇ ಕೂತಿರುತ್ತಿದ್ದರು. ಪಕ್ಕದಲ್ಲಿ ನಮ್ಮ ಪವಿ ಎಲ್ಲವನ್ನೂ ಜರ್ಮನ್‌ನಲ್ಲಿ ಪಿಸುಗುಟ್ಟುತ್ತಿದ್ದಾನೆ. ಪವಿ, ನಾನು ತಪ್ಪು ಮಾತಾಡಿದರೆ ಅದನ್ನು ಮಾತ್ರ ಟ್ರಾನ್ಸ್‌ಲೇಟ್ ಮಾಡಬೇಡ, ಪ್ಲೀಸ್.

ನನ್ನ ಹೆಸರು ಸಂಜನಾ. ಇಲ್ಲಿ ಯೂನಿವರ್ಸಿಟಿಯಲ್ಲಿ ಮೊದಲನೇ ವರ್ಷ. ಊರು ಗದಗ, ಆದರೆ ಓದಿದ್ದೆಲ್ಲ ಹಾಸ್ಟೆಲ್‌ನಲ್ಲಿ, ಇಂಗ್ಲಿಷಿನಲ್ಲಿ. ಅದಕ್ಕೇ ಬರೆದುಕೊಂಡು ಬಂದಿದ್ದೇನೆ. ಕಾಗದದ ಸದ್ದು ಮೈಕಿನಲ್ಲಿ ಕೇಳಿಸುತ್ತಿರಬಹುದು — ಕ್ಷಮಿಸಿ. ಅಧ್ಯಕ್ಷರಾದ ರವಿಶಂಕರ ಅಂಕಲ್ ಐದು ನಿಮಿಷ ಕೊಟ್ಟಿದ್ದಾರೆ. ಅಂಕಲ್, ಸ್ವಲ್ಪ ಹೆಚ್ಚಾಗುತ್ತದೆ. ಅವಸರ ಮಾಡಬಾರದು ಅನ್ನುವುದೇ ಸರ್ ನನಗೆ ಹೇಳಿಕೊಡುತ್ತಿದ್ದ ಪಾಠ.

ಕಳೆದ ಮಂಗಳವಾರ ಬೆಳಿಗ್ಗೆ ಯೆಫಿಮ್ ಮಾರ್ಕೊವಿಚ್ ಬೆಲಿನ್ಸನ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಬರುವ ಶನಿವಾರ ಇದೇ ಹಾಲ್‌ನಲ್ಲಿ ಅವರ ನಾಟಕ ಆಗಬೇಕಿತ್ತು. ಈ ಸಭೆ ಮುಗಿದ ಮೇಲೆ, ಆ ಪಕ್ಕದ ಕೋಣೆಯಲ್ಲಿ ಸಮಿತಿಯವರು ಕೂತು, ನಾಟಕ ಮಾಡುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಬಿಡೋಣ ಅನ್ನುವವರೇ ಹೆಚ್ಚು ಅಂತ ನನಗೆ ಗೊತ್ತು. ನಾನು ಇಲ್ಲಿ ನಿಂತಿರುವುದು ಸರ್‌ಗೆ ನಮಸ್ಕಾರ ಹೇಳುವುದಕ್ಕೆ ಮಾತ್ರ ಅಲ್ಲ. ಬಿಡಬೇಡಿ ಅಂತ ಕೇಳುವುದಕ್ಕೂ ನಿಂತಿದ್ದೇನೆ. ಅದನ್ನು ಮೊದಲೇ ಹೇಳಿಬಿಟ್ಟರೆ ಭಯ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ.

ಸರ್ ಹುಟ್ಟಿದ್ದು ವೋಲ್ಗಾ ನದಿಯ ದಂಡೆಯ ಒಂದು ಊರಿನಲ್ಲಿ. ಆಗ ಅದು ಸೋವಿಯತ್ ದೇಶ. ತಂದೆ ಮಾರ್ಕ್, ನಾಟಕ ಕಂಪನಿಯೊಂದಕ್ಕೆ ಬಟ್ಟೆ ಹೊಲಿಯುವ ದರ್ಜಿ. ಅವರ ದೇಶದಲ್ಲಿ ಗೌರವದಿಂದ ಕರೆಯಬೇಕಾದರೆ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಸೇರಿಸಬೇಕು. ರಿಹರ್ಸಲ್ಲಿನ ಮೊದಲನೇ ದಿನ ಸರ್ ನಮ್ಮೆಲ್ಲರ ಅಪ್ಪಂದಿರ ಹೆಸರು ಕೇಳಿದರು. ನಾನು ಸುನಿಲಕುಮಾರ ಅಂದೆ. ಅವತ್ತಿನಿಂದ ನಾನು ಅವರಿಗೆ "ಸಂಜನಾ ಸುನಿಲೊವ್ನಾ". ಫೋನಿನಲ್ಲಿ ಅಪ್ಪನಿಗೆ ಹೇಳಿದರೆ ಅಪ್ಪ ನಕ್ಕೂ ನಕ್ಕೂ ಸಾಕಾಗಿ, "ನನ್ನ ಹೆಸರು ರಷ್ಯಾತನಕ ಹೋತಲ್ಲವಾ!" ಅಂದರು.

ಸರ್ ಮಾಸ್ಕೋದಲ್ಲಿ ನಾಟಕ ನಿರ್ದೇಶನ ಓದಿದರು. ಓದು ಮುಗಿದ ಮೇಲೆ ಎಲ್ಲಿ ಕೆಲಸ ಮಾಡಬೇಕು ಅಂತ ಸರಕಾರವೇ ಹೇಳುತ್ತಿತ್ತು. ಇವರನ್ನು ಉರಾಲ್ ಬೆಟ್ಟಗಳ ಆಚೆ, ಬಟ್ಟೆ ಗಿರಣಿಯ ಒಂದು ಊರಿಗೆ, ಮಕ್ಕಳ ರಂಗಮಂದಿರಕ್ಕೆ ಕಳಿಸಿದರು. ಬೇಗ ವಾಪಸ್ ಹೋಗುತ್ತೇನೆ ಅಂದುಕೊಂಡೇ ಹೋದವರು, ಕೂದಲು ಬೆಳ್ಳಗಾಗುವ ತನಕ ಅಲ್ಲೇ ಇದ್ದರು. ಚಳಿಗಾಲದಲ್ಲಿ ಲಾರಿಯಲ್ಲಿ ಪರದೆ, ಪೆಟ್ಟಿಗೆ, ನಟರನ್ನೆಲ್ಲ ತುಂಬಿಕೊಂಡು ಹಳ್ಳಿಯ ಹಾಲಿನ ಫಾರ್ಮುಗಳಿಗೆ ಹೋಗುತ್ತಿದ್ದರಂತೆ. ಹಟ್ಟಿಯಲ್ಲೇ ನಾಟಕ, ಯಾಕೆಂದರೆ ಅಲ್ಲಿ ಮಾತ್ರ ಬೆಚ್ಚಗಿರುತ್ತಿತ್ತು. ನೋಡುವವರೆಲ್ಲ ಹಾಲು ಕರೆಯುವ ಹೆಂಗಸರು. ನಾಟಕದ ನಡುವೆ ಒಂದು ಹಸು ಕೂಗಿತು ಅನ್ನಿ, ಎಲ್ಲರೂ ಎದ್ದು ಹೋಗಿ ಹಾಲು ಕರೆದು ಬರುವರು. ರಾಜ, ರಾಣಿ, ಸೈನಿಕರು ನಿಂತಲ್ಲೇ ನಿಂತಿರಬೇಕು. "ನನ್ನ ಇಂಟರ್‌ವಲ್ ಬೆಲ್ಲಿಗೆ ನಾಲ್ಕು ಕಾಲು ಇದ್ದವು" ಅನ್ನುತ್ತಿದ್ದರು.

ಅಲ್ಲಿ ಅವರೇ ಒಂದು ಸಣ್ಣ ಹಾಸ್ಯ ನಾಟಕ ಬರೆದರು. ಅವರಲ್ಲಿ ಒಂದು ರೂಢಿ ಇದೆ. ಮನೆಯಿಂದ ಯಾರಾದರೂ ದೂರ ಹೊರಟರೆ, ಹೊರಡುವವರು, ಕಳಿಸುವವರು ಎಲ್ಲರೂ ಒಂದು ಗಳಿಗೆ ಸುಮ್ಮನೆ ಕೂರಬೇಕು. ಮಾತಿಲ್ಲ. ಪೆಟ್ಟಿಗೆಯ ಮೇಲೆ, ಮಂಚದ ಮೇಲೆ, ಎಲ್ಲಿ ಜಾಗ ಇದೆಯೋ ಅಲ್ಲಿ. ಆಮೇಲೆ ಹೊರಡುವವರು ಮೊದಲು ಏಳಬೇಕು, ಉಳಿದವರು ಅವರ ಹಿಂದೆ. ನಾಟಕ ಇಷ್ಟೇ — ಒಂದು ಹುಡುಗಿ ಊರು ಬಿಟ್ಟು ಹೊರಟಿದ್ದಾಳೆ, ಮನೆಯವರೆಲ್ಲ ಕೂತಿದ್ದಾರೆ, ಅವಳನ್ನು ಏಳುವುದಕ್ಕೆ ಯಾರೂ ಬಿಡುತ್ತಿಲ್ಲ.

ಜನರಿಗೆ ತೋರಿಸುವ ಮೊದಲು ಅಧಿಕಾರಿಗಳ ಮಂಡಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಅವರು ಖಾಲಿ ಹಾಲ್‌ನಲ್ಲಿ ಕೋಟು ಹಾಕಿಕೊಂಡೇ ಕೂತು ನೋಡಿದರು. ಒಬ್ಬರೂ ನಗಲಿಲ್ಲ. ಕೊನೆಗೆ ಒಬ್ಬರು ಕೇಳಿದರಂತೆ, "ಇವರು ಯಾಕೆ ಏಳುವುದಿಲ್ಲ? ಬೇಗ ಏಳುವ ಹಾಗೆ ಮಾಡಿ." ಸರ್ ಮನೆಗೆ ಹೋಗಿ ತಿದ್ದಿದರು, ಮತ್ತೆ ತಿದ್ದಿದರು. "ಏನು ಮಾಡಿದರೂ ಅವರು ಏಳಲಿಲ್ಲ" ಅಂತ ಹೇಳುವಾಗ, ಇಷ್ಟು ವರ್ಷವಾದರೂ ಅವರಿಗೆ ಆಶ್ಚರ್ಯ. ನಾಟಕ ಪೆಟ್ಟಿಗೆ ಸೇರಿತು. ನಾನು ಕಣ್ಣು ದೊಡ್ಡದು ಮಾಡಿ, "ಬ್ಯಾನ್ ಮಾಡಿದರಾ?" ಅಂದರೆ, ಕೈ ಹೀಗೆ ಅಲ್ಲಾಡಿಸಿ ಬೈದರು: "ದೊಡ್ಡ ಕತೆ ಮಾಡಬೇಡ, ಸುನಿಲೊವ್ನಾ. ನನ್ನನ್ನು ಯಾರೂ ಜೈಲಿಗೆ ಹಾಕಲಿಲ್ಲ. ಅವರು ನಗಲಿಲ್ಲ, ಅಷ್ಟೇ. ಜೈಲಿಗಿಂತ ಅದೇ ಕಷ್ಟ."

ಆ ದೇಶವೇ ಹೋದ ಮೇಲೆ ವೆರಾ ಅವರ ಕೈ ಹಿಡಿದುಕೊಂಡು ಇಲ್ಲಿಗೆ ಬಂದರು. ಇಲ್ಲಿನ ರಂಗಮಂದಿರಗಳಲ್ಲಿ ಕೆಲಸ ಸಿಗಲಿಲ್ಲ. ಸಂಜೆ ಶಾಲೆಯಲ್ಲಿ — ಅದೇ, ನಾವೆಲ್ಲ ಜರ್ಮನ್ ಕಲಿಯಲು ಹೋಗುವ ಫೋಕ್ಸ್‌ಹೋಖ್‌ಶೂಲೆಯಲ್ಲಿ — ನಟನೆಯ ಕ್ಲಾಸು ತೆಗೆದುಕೊಳ್ಳುತ್ತಿದ್ದರು.

ಅವರು ನಮಗೆ ಸಿಕ್ಕಿದ್ದು ಬಸಲಿಂಗವ್ವ ಚಿಕ್ಕಮ್ಮನಿಂದ. ಚಿಕ್ಕಮ್ಮಾ, ಮುಖ ಮುಚ್ಚಿಕೊಳ್ಳಬೇಡಿ, ಇದನ್ನು ಹೇಳದಿದ್ದರೆ ಸರ್ ಬೈಯುತ್ತಾರೆ. ಚಿಕ್ಕಮ್ಮ, ಅವರ ಯಜಮಾನರು ಚನ್ನಮಲ್ಲಪ್ಪ ಕಾಕಾ, ಬಾಗಲಕೋಟೆಯವರು, ಈ ಊರಿಗೆ ಬಂದು ನನ್ನ ವಯಸ್ಸಿಗಿಂತ ಹೆಚ್ಚಾಯಿತು. ಕಾಕಾ ಕಾರ್ ಕಂಪನಿಯಿಂದ ರಿಟೈರ್ ಆದ ಮೇಲೆ ಚಿಕ್ಕಮ್ಮ ಹೇಳಿದರಂತೆ, "ಇಷ್ಟ್ ವರ್ಷ ಬೇಕರಿಯೊಳಗ ಬೆರಳ್ ತೋರಿಸೇ ಬ್ರೆಡ್ ತಂದೀನಿ. ಇನ್ನರ ಬಾಯಿ ತೆಗೀತೀನಿ." ಜರ್ಮನ್ ಕ್ಲಾಸಿಗೆ ಹೆಸರು ಹಚ್ಚಿ, ಕೋಣೆ ತಪ್ಪಿ ಸರ್ ಅವರ ನಟನೆಯ ಕ್ಲಾಸಿಗೆ ಹೋಗಿ ಕೂತರು. ಒಂದು ದಿನ ಅಲ್ಲ. ಇಡೀ ಚಳಿಗಾಲ!

"ಮೊದಲ್ನೇ ದಿನ ಎಲ್ಲಾರೂ ನೆಲದ ಮ್ಯಾಲ ಬಿದ್ದು ಹೊಳ್ಳಾಡಾಕತ್ತಿದ್ರು" ಅಂತಾರೆ ಚಿಕ್ಕಮ್ಮ. "ಜರ್ಮನ್ ಕಲಿಯೂದು ಇಷ್ಟ್ ತ್ರಾಸ ಐತೇನು ಅಂದ್ಕೊಂಡೆ. ನಾನೂ ಹೊಳ್ಳಾಡಿದೆ."

ಸರ್‌ಗೆ ಎರಡನೇ ವಾರವೇ ಗೊತ್ತಾಗಿತ್ತಂತೆ. ಯಾಕೆ ಹೇಳಲಿಲ್ಲ ಅಂದರೆ, "ಹೇಳಿದ್ದರೆ ನನ್ನ ಒಳ್ಳೆಯ ನಟಿ ವ್ಯಾಕರಣ ಕಲಿಯಲು ಹೋಗಿಬಿಡುತ್ತಿದ್ದಳು" ಅಂದರು.

ಆ ಚಿಕ್ಕಮ್ಮನೇ ಇವರನ್ನು ಸಂಘಕ್ಕೆ ಕರೆದುಕೊಂಡು ಬಂದರು. ಚಿಕ್ಕಮ್ಮನಿಗೆ ಅವರು "ಮಾಸ್ತರ್ರು". ಊರಿನಲ್ಲಿ ನಾಟಕ ಕಲಿಸುವವರನ್ನು ಹಾಗೇ ಅಲ್ಲವೇ ಕರೆಯುವುದು. ಕೂರುವ ನಾಟಕದ ಕತೆ ಕೇಳಿ ಚಿಕ್ಕಮ್ಮ, "ಇದು ನಮ್ಮದ ಐತಿ ತಗೋರಿ" ಅಂದರು. "ಹೊರಟಾಗ ಯಾರರ ಸೀನಿದ್ರ, ವಾಪಸ್ ಬಂದು ಕುಂತು, ನೀರು ಕುಡದು ಹೋಗಬೇಕು. ನಮ್ಮವ್ವ ಹಂಗ ಮಾಡಿಸ್ತಿದ್ದಳು." ಪವಿ ಇದನ್ನು ಅನುವಾದ ಮಾಡುವಷ್ಟರಲ್ಲೇ ಕಾಕಾ ಎದ್ದು ನಿಂತು, "ಹಂಗಾರ ಆ ಹುಡುಗಿ ಅಜ್ಜ ಬೇಕಂತನ ಸೀನ್ತಾನ್ರಿ!" ಅಂದು — ಹಾ...ಕ್ಷೀ! — ಅಂತ ಸೀನಿ ತೋರಿಸಿದರು.

ಸರ್ ಮೇಜಿನ ಮೇಲೆ ತಲೆ ಇಟ್ಟು ನಕ್ಕರು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. "ಅವರು ಯಾಕೆ ಏಳುವುದಿಲ್ಲ ಅಂತ ಇಷ್ಟು ವರ್ಷ ಹುಡುಕಿದೆ" ಅಂದರು. "ಒಂದು ಸೀನು. ಒಂದು ಸೀನು ಸಾಕಿತ್ತು."

ಹೀಗೆ ನಾಟಕ ಕನ್ನಡಕ್ಕೆ ಬಂತು. ಹುಡುಗಿ ಹಾಸ್ಟೆಲ್ಲಿಗೆ ಹೊರಟಿದ್ದಾಳೆ, ಅದು ನಾನು. ಕಾಕಾ ಅಜ್ಜ, ಚಿಕ್ಕಮ್ಮ ಅಜ್ಜಿ, ಪವಿ ಅಣ್ಣ. ಅವಳು ಎದ್ದಾಗಲೆಲ್ಲ ಅಜ್ಜ ಸೀನುತ್ತಾನೆ, ಅಜ್ಜಿ ನೀರು ತರುತ್ತಾಳೆ, ಬಸ್ಸು ಹಾರ್ನ್ ಹೊಡೆಯುತ್ತದೆ.

ಇನ್ನು ಒಂದು ಜಗಳದ ಕತೆ. ಎರಡನೆಯದೋ ಮೂರನೆಯದೋ ರಿಹರ್ಸಲ್. ಕಾಕಾ ಕೈಯಿಂದ ಸ್ಕ್ರಿಪ್ಟು ಜಾರಿ ಕೆಳಗೆ ಬಿತ್ತು. ಕಾಕಾ ನಾವೆಲ್ಲ ಮಾಡುವ ಹಾಗೆ ಎತ್ತಿಕೊಂಡು — ಹೀಗೆ — ಕಣ್ಣಿಗೆ ಒತ್ತಿಕೊಳ್ಳಲು ಹೋದರು. ಸರ್ ಕುರ್ಚಿಯಿಂದ ಹಾರಿ, "ಎತ್ತಬೇಡಿ! ಅದರ ಮೇಲೆ ಕೂರಿ!" ಅಂತ ಕೂಗಿದರು. ಅವರ ರಂಗಭೂಮಿಯ ನಂಬಿಕೆ ಅದು. ಪಾತ್ರದ ಕಾಗದ ನೆಲಕ್ಕೆ ಬಿದ್ದರೆ ನಟ ತಕ್ಷಣ ಅದರ ಮೇಲೆ ಕೂರಬೇಕು, ಕೂತು ಎತ್ತಿಕೊಂಡು, ನಿಲ್ಲಿಸಿದ ಸಾಲಿನಿಂದಲೇ ಶುರು ಮಾಡಬೇಕು. ಇಲ್ಲದಿದ್ದರೆ ನಾಟಕ ಬೀಳುತ್ತದೆ.

"ಏನಂತಾನೋ ಪವಿ?"

"ಪುಸ್ತಕದ ಮೇಲೆ ಕೂರಬೇಕಂತೆ ಕಾಕಾ."

"ಸರಸ್ವತಿ ಮ್ಯಾಲ ಕುಂದರ್ಲೇನು? ಅಕ್ಷರ ಕಲಿಸಿದ ಶಿವಲಿಂಗಯ್ಯ ಮಾಸ್ತರ್ರು ಮ್ಯಾಲಿಂದ ಇಳದು ಬಂದು ಕಿವಿ ಹಿಂಡ್ತಾರ. ಆಗಂಗಿಲ್ಲಂತ ಹೇಳು ಅಂವಗ!"

"ಹಾಗಾದರೆ ನಾಟಕವೂ ಆಗುವುದಿಲ್ಲ ಅಂತ ಹೇಳು" ಅಂದರು ಸರ್.

ಇಬ್ಬರೂ ನಿಜವಾಗಿಯೂ ಹಟ ಹಿಡಿದರು. ಒಬ್ಬರು ಈ ಗೋಡೆಗೆ, ಒಬ್ಬರು ಆ ಗೋಡೆಗೆ. ಸ್ಕ್ರಿಪ್ಟು ನಡುವೆ ನೆಲದ ಮೇಲೆ. ಆಗ ಬಸಲಿಂಗವ್ವ ಚಿಕ್ಕಮ್ಮ ಕೇಳಿದರು, "ಮಾಸ್ತರ್ರ, ಅದರ ಮ್ಯಾಲ ಯಾಕ ಕುಂದರಬೇಕ್ರಿ?" ಸರ್ ಅವರನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲವಂತೆ. "ನೆಲ ತಣ್ಣಗಿರುತ್ತದೆ" ಅಂದರು. "ಪಾತ್ರ ಆರಿಹೋಗಬಾರದು. ಯಾರಾದರೂ ಬೆಚ್ಚಗೆ ಮಾಡಬೇಕು."

"ಅಷ್ಟ ಹೌದಲ್ರಿ?" ಅಂದರು ಚಿಕ್ಕಮ್ಮ. "ಕೂಸು ಬಿದ್ರ ಅದರ ಮ್ಯಾಲ ಕುಂದರ್ತೀವೇನು? ನಾವ ಕುಂತು ಅದನ್ನ ತೊಡಿ ಮ್ಯಾಲ ಹಾಕ್ಕೋತೀವಿ." ಹೇಳಿ, ಸೆರಗು ಸುತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತು, ಸ್ಕ್ರಿಪ್ಟನ್ನು ಕಣ್ಣಿಗೆ ಒತ್ತಿ ತೊಡೆಯ ಮೇಲೆ ಮಲಗಿಸಿಕೊಂಡರು.

ಸರ್ ಗೋಡೆ ಬಿಟ್ಟು ಬಂದು ಅವರ ಎದುರಿಗೆ ನೆಲದ ಮೇಲೆ ಕೂತರು. ಕಾಕಾನೂ ಕೂತರು, ಮಂಡಿ ನೋವು ಅಂತ ಬೈಯುತ್ತಾ. ಅವತ್ತಿನಿಂದ ನಮ್ಮ ತಂಡದ ಕಾನೂನು ಅದೇ. ಬಿದ್ದರೆ, ಬೀಳಿಸಿದವರು ತಕ್ಷಣ ಕೂರಬೇಕು, ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಆಮೇಲೆ ಎದ್ದು ಅದೇ ಸಾಲಿನಿಂದ ಮುಂದುವರಿಸಬೇಕು. ಮುಂದುವರಿಸುವ ತನಕ ಎದ್ದ ಹಾಗೆ ಲೆಕ್ಕ ಅಲ್ಲ.

ಇನ್ನು ನನ್ನ ಪಾಠ. ಸರ್‌ಗೆ ಕನ್ನಡ ಬರುತ್ತಿರಲಿಲ್ಲ. ಅದಕ್ಕೇ ಅವರು ನಮ್ಮನ್ನು ನೋಡುತ್ತಿರಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ನಮಗೆ ಬೆನ್ನು ಮಾಡಿ ಕೂರುತ್ತಿದ್ದರು. ಬರೀ ಕೇಳುತ್ತಿದ್ದರು. ಸುಳ್ಳು ಎಲ್ಲಿದೆಯೋ ಅಲ್ಲಿ ಎಡಗೈ ಮೇಲೆ ಹೋಗುತ್ತಿತ್ತು. ನನ್ನ ಕೊನೆಯ ಮಾತು ಒಂದೇ — ಎಲ್ಲ ಸೀನುಗಳೂ ಮುಗಿದ ಮೇಲೆ ಹುಡುಗಿ ಎದ್ದು ಅಜ್ಜನಿಗೆ ಹೇಳುತ್ತಾಳೆ, "ಹೋಗಿ ಬರ್ತೀನಿ." ಇಷ್ಟೇ. ಅದನ್ನು ಹೇಳಿದಾಗಲೆಲ್ಲ ಆ ಎಡಗೈ ಮೇಲೆ.

ಒಂದು ಸಂಜೆ ಕುರ್ಚಿ ತಿರುಗಿಸಿ ಕೇಳಿದರು, "ಸುನಿಲೊವ್ನಾ, ನಿನ್ನ ಹಿಂದೆ ಯಾರು ನಿಂತಿದ್ದಾರೆ?"

ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಇದ್ದಾರೆ" ಅಂದರು. "ಯಾರೋ ಕಾಯುತ್ತಿದ್ದಾರೆ. ಅವರಿಗೋಸ್ಕರ ನೀನು ಮಾತು ಬೇಗ ಮುಗಿಸುತ್ತೀ."

ನಿಮಗೆ ಹೇಗೆ ಹೇಳಲಿ... ನಮ್ಮ ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಒಂದೇ ಫೋನ್ ಇತ್ತು. ಭಾನುವಾರ ಮನೆಗೆ ಫೋನ್ ಮಾಡಬಹುದು. ಹಿಂದೆ ಸಾಲಾಗಿ ಹುಡುಗಿಯರು. ಅಮ್ಮ "ಊಟ ಮಾಡಿದೇನವಾ" ಅನ್ನುವಷ್ಟರಲ್ಲಿ ಹಿಂದಿನವಳು "ಏ ಬೇಗ, ಬೇಗ" ಅಂತ ಬೆನ್ನಿಗೆ ತಿವಿಯುತ್ತಿದ್ದಳು. ಹಿಂದಿನವಳ ತಪ್ಪಲ್ಲ, ಅವಳ ಅಮ್ಮನೂ ಕಾಯುತ್ತಿದ್ದರು. ಆರನೇ ಕ್ಲಾಸಿನಿಂದ ನನ್ನ ಕನ್ನಡ ಅಂದರೆ ಅಷ್ಟೇ — ಫೋನಿನ ಕನ್ನಡ. ಹೇಳುವ ಮೊದಲೇ ಮುಗಿಸುವ ಕನ್ನಡ. ಕನ್ನಡವೇ ಬಾರದ ಒಬ್ಬರು, ಗೋಡೆ ನೋಡಿಕೊಂಡು ಕೂತು, ನನ್ನ ಹಿಂದಿನ ಆ ಸಾಲನ್ನು ಕಂಡರು.

ಇದನ್ನೆಲ್ಲ ಸರ್‌ಗೆ ಹೇಳಿದೆ. "ಅವರಿಗೆ ಹೇಳು, ಇವತ್ತು ಫೋನ್ ನಿನ್ನದು ಅಂತ" ಅಂದರು. "ನೋಖ್ ಮಾಲ್." ಮತ್ತೊಮ್ಮೆ.

ಹೋದ ಭಾನುವಾರ ನಾವು ನಾಲ್ವರೂ ಆಸ್ಪತ್ರೆಗೆ ಹೋಗಿದ್ದೆವು. ಸರ್ ಗೋಡೆಯ ಕಡೆ ತಿರುಗಿ ಮಲಗಿದ್ದರು. "ಶುರು ಮಾಡಿ" ಅಂದರು. ಹಾಸಿಗೆಯ ಪಕ್ಕದಲ್ಲೇ ರಿಹರ್ಸಲ್. ಕಾಕಾ ಮೆಲ್ಲಗೆ ಸೀನಿದರು. ಕೊನೆಯ ಪುಟಕ್ಕೆ ಬರುವಾಗ ಸರ್ ಕೈಯಿಂದ ಅವರ ಸ್ಕ್ರಿಪ್ಟು ಜಾರಿ ಬಿತ್ತು.

ಅವರಿಗೆ ಕೂರುವುದಕ್ಕೆ ಆಗುತ್ತಿರಲಿಲ್ಲ. ನಾವು ನೋಡುತ್ತಿದ್ದ ಹಾಗೇ ಚನ್ನಮಲ್ಲಪ್ಪ ಕಾಕಾ, ಆ ಮಂಡಿ ನೋವಿನಲ್ಲಿ, ಮಂಚ ಹಿಡಿದುಕೊಂಡು ಆಸ್ಪತ್ರೆಯ ನೆಲದ ಮೇಲೆ ಕೂತರು. ಸ್ಕ್ರಿಪ್ಟು ಕಣ್ಣಿಗೆ ಒತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಅಷ್ಟರಲ್ಲಿ ನರ್ಸ್ ಒಳಗೆ ಬಂದಳು. ಮುದುಕರೊಬ್ಬರು ಬಿದ್ದಿದ್ದಾರೆ ಅಂತ ಬೆಲ್ ಒತ್ತಿದಳು. ಇಬ್ಬರು ಓಡಿ ಬಂದರು. ಕಾಕಾ, "ನಾ ಬಿದ್ದಿಲ್ಲ ತಾಯಿ, ಕುಂತೀನಿ, ಕುಂತೀನಿ!" ಅನ್ನುತ್ತಿದ್ದರೂ ಬಿಡದೆ ಕಂಕುಳಿಗೆ ಕೈ ಹಾಕಿ ಎತ್ತಿದರು, ಬಿಪಿ ನೋಡಿದರು. ಸರ್ ಗೋಡೆಯ ಕಡೆ ತಿರುಗಿಕೊಂಡೇ ನಗುತ್ತಿದ್ದರು — ಭುಜ ಅಲ್ಲಾಡುತ್ತಿತ್ತು.

ಆ ಗಲಾಟೆಯಲ್ಲಿ ರಿಹರ್ಸಲ್ ನಿಂತಿತು. ಎಲ್ಲರನ್ನೂ ಹೊರಗೆ ಕಳಿಸಿದರು. ನಾನು ಬಾಗಿಲಲ್ಲಿ ನಿಂತು, "ಸರ್, ಹೋಗಿ ಬರ್ತೀನಿ" ಅಂದೆ. ಎಡಗೈ — ಸ್ವಲ್ಪವೇ — ಮೇಲೆ ಬಂತು. "ಇನ್ನೂ ಒಬ್ಬಳು ನಿಂತಿದ್ದಾಳೆ, ಸುನಿಲೊವ್ನಾ" ಅಂದರು. "ಪರವಾಗಿಲ್ಲ. ಶನಿವಾರ ನೋಡೋಣ."

ಅದು ಅವರು ನನಗೆ ಹೇಳಿದ ಕೊನೆಯ ಮಾತು. ಶನಿವಾರ ನೋಡೋಣ.

ರವಿಶಂಕರ ಅಂಕಲ್, ನೀವು ಹೇಳಿದ್ದು ನನಗೆ ಅರ್ಥವಾಗುತ್ತದೆ. ಸಾವಾಗಿ ವಾರ ಕಳೆದಿಲ್ಲ, ನಗುವ ನಾಟಕ ಮಾಡಿದರೆ ಜನ ಏನಂದಾರು, ಮುಂದಿನ ವರ್ಷ ನೋಡೋಣ ಅಂದಿರಿ. ಅದೂ ಗೌರವದಿಂದಲೇ ಹೇಳಿದ್ದು. ಆದರೆ ನಗದೇ ಇದ್ದವರ ಎದುರು ಈ ನಾಟಕ ಒಂದು ಸಲ ಆಗಿದೆ. ಒಂದು ಸಲ ಪೆಟ್ಟಿಗೆಗೂ ಹೋಗಿದೆ. ನಿನ್ನೆ ನಾನು ವೆರಾ ಅವರನ್ನು ಕೇಳಿದೆ, ನಾವು ಮಾಡಿದರೆ ನಿಮಗೆ ಬೇಸರವೇ ಅಂತ. ಅವರು, "ಅಪ್ಪನಿಗೆ ಯಾವ ಸಾಲಿನ ಟಿಕೆಟ್ ಇಟ್ಟಿದ್ದೀರಿ?" ಅಂತ ಕೇಳಿದರು. ಅಂಕಲ್, ಟಿಕೆಟ್ ಬೇಡ. ಒಂದು ಕುರ್ಚಿ ಸಾಕು. ವೇದಿಕೆಗೆ ಬೆನ್ನು ಮಾಡಿ ಇಟ್ಟರಾಯಿತು.

ಚನ್ನಮಲ್ಲಪ್ಪ ಕಾಕಾ. ನಿಮಗೇ ಹೇಳಬೇಕು, ನಿಮಗೆ ಹೇಳಲೇ ಭಯ. ಮಂಗಳವಾರ ನೀವು, "ನಾ ಇನ್ನ ಬಣ್ಣ ಹಚ್ಚಂಗಿಲ್ಲ. ಮಾಸ್ತರ್ರ ಜೋಡಿ ಮುಗೀತು" ಅಂದಿರಿ. ನೀವಿಲ್ಲದೆ ಅಜ್ಜ ಇಲ್ಲ, ಸೀನು ಇಲ್ಲ, ನಾಟಕ ಇಲ್ಲ. ಸಮಿತಿ ಏನೇ ಹೇಳಲಿ, ನಿಮ್ಮ ಮಾತೇ ಕೊನೆ. ಸರ್ ಸ್ಕ್ರಿಪ್ಟು ಅವತ್ತಿನಿಂದ ನಿಮ್ಮ ಹತ್ತಿರವೇ ಇದೆ. ಇವತ್ತೂ ತಂದಿದ್ದೀರಿ. ತೊಡೆಯ ಮೇಲೆ ಇಟ್ಟುಕೊಂಡಿದ್ದೀರಿ, ಎರಡೂ ಕೈ ಅದರ ಮೇಲೆ ಇದೆ — ನನಗೆ ಇಲ್ಲಿಂದಲೇ ಕಾಣುತ್ತಿದೆ. ಕಾಕಾ, ನರ್ಸುಗಳು ನಿಮ್ಮನ್ನು ಎತ್ತಿದ್ದು ಲೆಕ್ಕಕ್ಕಿಲ್ಲ. ನಮ್ಮ ಕಾನೂನು ನಿಮಗೆ ಗೊತ್ತು. ಸಾಲು ಮುಂದುವರಿಯಲಿಲ್ಲ. ನೀವಿನ್ನೂ ಎದ್ದಿಲ್ಲ.

ನನ್ನ ಮಾತು ಮುಗಿಯಿತು. ಈಗ ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕು ಅಂತ ಕಾರ್ಯಕ್ರಮದಲ್ಲಿದೆ. ಅದಕ್ಕೆ ಮೊದಲು, ಯೆಫಿಮ್ ಸರ್ ಅವರ ಕಡೆಯ ರೂಢಿಯಂತೆ, ನಾವೆಲ್ಲ ಒಂದು ಗಳಿಗೆ ಸುಮ್ಮನೆ ಕೂರೋಣ. ಹಿಂದೆ ಗೋಡೆಗೆ ನಿಂತಿರುವವರೂ ದಯವಿಟ್ಟು ಕೂರಿ. ಕುರ್ಚಿ ಸಾಲದಿದ್ದರೆ ನೆಲದ ಮೇಲೆ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ನಾನೂ ಇಲ್ಲೇ, ಈ ಮೆಟ್ಟಿಲ ಮೇಲೆ ಕೂರುತ್ತೇನೆ. ಯಾರಿಗಾದರೂ ಸೀನು ಬಂದರೆ ತಡೆಯಬೇಡಿ. ಅವಸರ ಇಲ್ಲ. ನಮ್ಮ ಹಿಂದೆ ಯಾರೂ ಕಾಯುತ್ತಿಲ್ಲ.

—

ಹೊರಡುವವರು ಮೊದಲು ಏಳಬೇಕು, ಉಳಿದವರು ಅವರ ಹಿಂದೆ. ಸರ್ ಎದ್ದಾಗಿದೆ.

ಕಾಕಾ, ಈಗ ನೀವು. ಸ್ಕ್ರಿಪ್ಟು ಕೈಯಲ್ಲಿ ಹಿಡಿದುಕೊಂಡೇ ಏಳಿ.

ಈಗ ನಾವೆಲ್ಲರೂ. ದಯವಿಟ್ಟು ಎದ್ದು ನಿಲ್ಲಿ.